ಹೂತ ರಥವನ್ನು ಎತ್ತುವವರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ಏಳಿಗೆಯನ್ನು ಕುರಿತು ಬರೆಯುವೆನೆಂದೇ ಅವರು ಎಣಿಸಿದ್ದಿರಬೇಕು. ಅದನ್ನು ಬರೆಯಬಲ್ಲವರು ಅನೇಕರಿದ್ದಾರೆ. ನಾನು ಬರೆಯಹೊರಟಿರುವುದು ಯುದ್ಧರಂಗದಲ್ಲಿ ಕೆಟ್ಟು ನಿಂತ ಟ್ಯಾಂಕುಗಳನ್ನು ಎಳೆದು ತರುವ ವಾಹನವನ್ನು ಕುರಿತು. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಉಪಾಧ್ಯಾಯ ತರಬೇತಿ ಪಡೆದು, ಹೊಸೂರು ಸೀಮೆಯಲ್ಲೇ ತಲೆ ನರೆತ ನನಗೆ ಈ ವಿಷಯ ಎಲ್ಲಿಂದ ಗಂಟುಬಿತ್ತೆಂದು ಓದುಗರು ನಗಬಹುದು. ಗಂಟುಬಿದ್ದುದು ನನ್ನದೇ ತಪ್ಪೊಂದರಿಂದ.

1979ರ ಸುಮಾರು. ಎಂಟನೆಯ ತರಗತಿಗೆ ಸರಳ ಯಂತ್ರಗಳ ಪಾಠ ನಡೆದಿತ್ತು. ಚಲಿಸುವ ರಾಟೆಯಿಂದ ಅರ್ಧ ಬಲದಲ್ಲಿಯೇ ಭಾರವನ್ನು ಎತ್ತಬಹುದೆಂದು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದೆ. ತಳಿಯ ಕಡೆಯ ಹಳ್ಳಿಯೊಂದರಿಂದ ಬರುತ್ತಿದ್ದ ಹುಡುಗ ಹಿಂದಿನ ಸಾಲಿನಲ್ಲಿ ಎದ್ದು ನಿಂತು, “ಮೇಷ್ಟ್ರೇ, ಅರ್ಧ ಬಲ ಸಾಕಾದರೆ ಮಿಕ್ಕರ್ಧ ಎಲ್ಲಿ ಹೋಯ್ತು?” ಎಂದ. ತರಗತಿಯೆಲ್ಲ ನಕ್ಕಿತು. ಉತ್ತರ ನನಗೆ ತಿಳಿಯದೆ ಇರಲಿಲ್ಲ. ತನಿಖೆಯ ದಿನ ಹತ್ತಿರ ಬಂದಿತ್ತು, ಪಾಠ ಮುಗಿಸುವ ಅವಸರ. “ಪುಸ್ತಕದಲ್ಲಿರುವುದನ್ನು ಬರೆದುಕೋ” ಎಂದು ಗದರಿ ಕೂರಿಸಿದೆ. ಆ ವರ್ಷ ಅವನು ನಪಾಸಾದ. ಅವನ ತಂದೆಯನ್ನು ಕರೆಸಿ, “ಇವನಿಗೆ ವಿದ್ಯೆ ಹತ್ತುವುದಿಲ್ಲ, ಹೊಲದ ಕೆಲಸಕ್ಕೆ ಹಾಕಿಕೊಳ್ಳಿ” ಎಂದೆ. ಆ ಮನುಷ್ಯ ಕೈಮುಗಿದು, ಮಗನನ್ನು ಕರೆದುಕೊಂಡು ಹೋದರು. ಮೇಷ್ಟ್ರ ಮಾತಿಗೆ ಎದುರಾಡುವ ಕಾಲ ಅದಾಗಿರಲಿಲ್ಲ.

ಮೂವತ್ತು ವರ್ಷಗಳ ತರುವಾಯ, ನಾನು ನಿವೃತ್ತನಾದ ಮರುವರ್ಷ, ನರೆತ ಮೀಸೆಯ ಗಟ್ಟಿಮುಟ್ಟಾದ ಆಳೊಬ್ಬರು ಮನೆಗೆ ಬಂದು ಕಾಲಿಗೆರಗಿದರು. ಗುರುತು ಹತ್ತಲಿಲ್ಲ. “ರಾಟೆ ಮೇಷ್ಟ್ರೇ, ರಾಟೆ” ಎಂದಾಗ ಎದೆ ಧಸಕ್ಕೆಂದಿತು. ಸೋದರಮಾವ ಬಂಗಾರಪೇಟೆಗೆ ಕರೆದೊಯ್ದು ಎಸ್.ಎಸ್.ಎಲ್.ಸಿ.ವರೆಗೆ ಓದಿಸಿದರಂತೆ. ಅಲ್ಲಿಂದ ಸೈನ್ಯದ ಇ.ಎಂ.ಇ. ದಳ, ಸಿಕಂದರಾಬಾದಿನಲ್ಲಿ ತರಬೇತಿ, ಕೊನೆಗೆ ಹವಾಲ್ದಾರನಾಗಿ ನಿವೃತ್ತಿ. ಇಪ್ಪತ್ನಾಲ್ಕು ವರ್ಷ ಮಾಡಿದ ಕೆಲಸ ಒಂದೇ: ಸಿಕ್ಕಿಬಿದ್ದುದನ್ನು ಬಿಡಿಸಿ ತರುವುದು.

ಅಂದು ಸಂಜೆಯವರೆಗೆ ಅವನು ಪಾಠ ಮಾಡಿದ, ನಾನು ಕೇಳಿದೆ. ಈ ವಾಹನವೂ ಟ್ಯಾಂಕಿನ ಒಡಲಿನದೇ. ತಿರುಗುವ ಗೋಪುರವೂ ದೊಡ್ಡ ಫಿರಂಗಿಯೂ ಇಲ್ಲ. ಬದಲಿಗೆ ಉಕ್ಕಿನ ಹಗ್ಗ ಸುತ್ತುವ ವಿಂಚ್, ಎಂಜಿನ್ನನ್ನೇ ಎತ್ತಿಡುವ ಕ್ರೇನು, ಮುಂದೆ ಬುಲ್‌ಡೋಜರಿನಂಥ ಅಲಗು. ಆ ಅಲಗನ್ನು ನೆಲಕ್ಕೆ ಊರದಿದ್ದರೆ, ಎಳೆಯಲು ಹೋದ ವಾಹನವೇ ಜಾರಿಕೊಂಡು ಬರುತ್ತದೆ. ನಲವತ್ತು ಟನ್ ತೂಗುವ ಟ್ಯಾಂಕು ಕೆಸರಿನಲ್ಲಿ ಆಳವಾಗಿ ಹೂತರೆ, ಅದನ್ನು ಕೀಳಲು ಅದರ ತೂಕಕ್ಕಿಂತ ಹೆಚ್ಚು ಬಲ ಬೇಕಾದೀತು. ಆಗಲೇ ರಾಟೆ. ಗುಂಡು ಹಾರುತ್ತಿದ್ದರೂ ಒಬ್ಬನು ಕೆಳಗಿಳಿದು, ಕೆಸರಿನಲ್ಲಿ ಕೈಯಿಟ್ಟು ಕೊಂಡಿ ಸಿಕ್ಕಿಸಲೇಬೇಕು. ಕರ್ಣನ ರಥಚಕ್ರ ಹೂತಾಗ ಅವನೇ ಇಳಿದು ಎತ್ತಬೇಕಾಯಿತಲ್ಲ, ಆ ಕಥೆಯನ್ನು ನಾನು ಎಷ್ಟು ಸಾರಿ ಪಾಠ ಮಾಡಿದ್ದೆ! ಎತ್ತಿಕೊಡುವುದೇ ಒಬ್ಬನ ಉದ್ಯೋಗವಾಗಿರಬಹುದೆಂದು ಎಂದೂ ತೋಚಿರಲಿಲ್ಲ.

1965ರ ಯುದ್ಧಕಾಲದಲ್ಲಿ ನಾನು ಹೈಸ್ಕೂಲು ಹುಡುಗ. ಪ್ಯಾಟನ್ ಟ್ಯಾಂಕುಗಳ ಸುದ್ದಿಯನ್ನು ಆಕಾಶವಾಣಿಯಲ್ಲಿ ಕೇಳಿ ಕುಣಿದವರಲ್ಲಿ ನಾನೂ ಒಬ್ಬ. ಪಂಜಾಬಿನ ಖೇಮಕರಣದ ಬಳಿ ಅಸಲ್ ಉತ್ತರ್‌ನಲ್ಲಿ ನಮ್ಮವರು ಹೊಲಗಳಿಗೆ ನೀರು ಬಿಟ್ಟಿದ್ದರು. ಎಷ್ಟೋ ಪ್ಯಾಟನ್‌ಗಳು ಕಬ್ಬಿನ ಗದ್ದೆಯ ಕೆಸರಿನಲ್ಲಿ ನಿಂತುಬಿಟ್ಟವು. ಶತ್ರುವಿಗೆ ಅವನ್ನು ಎಳೆದೊಯ್ಯಲಾಗಲಿಲ್ಲ. ಹಾಗೆ ಸಿಕ್ಕಿದವನ್ನು ಭಿಖೀವಿಂಡ್‌ನಲ್ಲಿ ಸಾಲಾಗಿ ನಿಲ್ಲಿಸಿದಾಗ ಆ ಜಾಗಕ್ಕೆ ಪ್ಯಾಟನ್ ನಗರವೆಂದೇ ಹೆಸರಾಯಿತು. ಕೆಟ್ಟ ಟ್ಯಾಂಕು ಸತ್ತ ಟ್ಯಾಂಕಲ್ಲ, ರಾತ್ರಿಯೊಳಗೆ ಯಾರ ಕೈಸೇರುತ್ತದೆ ಎನ್ನುವುದೇ ಪ್ರಶ್ನೆ ಎಂದು ನನ್ನ ಶಿಷ್ಯ ಹೇಳಿದ.

ಇದು ನಮ್ಮ ಸೀಮೆಗೆ ತೀರ ಹೊಸದೇನೂ ಅಲ್ಲ. ಸೋತಾಗಲೆಲ್ಲ ಹೈದರಾಲಿಯು ಶತ್ರುವಿನ ಕಣ್ಣೆದುರಿನಲ್ಲೇ ತನ್ನ ಫಿರಂಗಿಗಳನ್ನು ಎಳೆಸಿಕೊಂಡು ಹೋಗುತ್ತಿದ್ದನೆಂದೂ, ಅದು ಅಮೃತಮಹಲ್ ಎತ್ತುಗಳಿಂದ ಸಾಧ್ಯವಾಯಿತೆಂದೂ ಮೈಸೂರು ಗ್ಯಾಸೆಟಿಯರಿನಲ್ಲಿದೆ. ಕೃಷ್ಣಗಿರಿ, ರಾಯಕೋಟೆಗಳ ಬೆಟ್ಟಗಳನ್ನು ನೋಡಿದವರಿಗೆ ಆ ಎತ್ತುಗಳ ಬೆಲೆ ಬೇರೆ ಹೇಳಬೇಕಾಗಿಲ್ಲ. ಈಗಿನ ಎತ್ತುಗಳು ಹುಟ್ಟಿದ್ದೂ ನಮ್ಮ ನೆರೆಯಲ್ಲೇ. ಪೋಲೆಂಡ್ ದೇಶದ ವಿನ್ಯಾಸದ ಡಬ್ಲ್ಯು.ಜಡ್.ಟಿ.-3 ಎಂಬ ವಾಹನವನ್ನು ಕೆ.ಜಿ.ಎಫ್.ನ ಬಿ.ಇ.ಎಂ.ಎಲ್. ಕಾರ್ಖಾನೆ ನಮ್ಮ ಸೈನ್ಯಕ್ಕಾಗಿ ತಯಾರಿಸಿತು. ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಊರಿನಿಂದ ಇಂಥದೊಂದು ಹೊರಟುದು ನನಗೆ ಸಮಾಧಾನದ ಸಂಗತಿ.

1986-87ರ ಚಳಿಗಾಲದಲ್ಲಿ ರಾಜಸ್ಥಾನದ ಮರುಭೂಮಿಯಲ್ಲಿ ನಡೆದ ‘ಬ್ರಾಸ್‌ಟ್ಯಾಕ್ಸ್’ ಎಂಬ ಮಹಾ ಕವಾಯತಿನಲ್ಲಿ ಅವನೂ ಇದ್ದ. ಮರಳಿನಲ್ಲಿ ಹೂತ ಟ್ಯಾಂಕಿಗೆ ರಾಟೆ ಹೂಡಿ ಎಳೆಯುವಾಗ ಮೇಲಧಿಕಾರಿ, “ಇಷ್ಟು ನಿಧಾನವೇಕೆ?” ಎಂದು ಗದರಿದರಂತೆ. “ಮಿಕ್ಕರ್ಧ ಎಲ್ಲಿ ಹೋಯ್ತೂಂತ ಅವತ್ತು ಗೊತ್ತಾಯ್ತು ಮೇಷ್ಟ್ರೇ. ಹಗ್ಗದ ಉದ್ದದಲ್ಲಿ ಹೋಗಿತ್ತು” ಎಂದು ನಕ್ಕ. ನಾನು ನಗಲಾರದೆ ಹೋದೆ. ಅವನ ತಂದೆಗೆ ಆಡಿದ ಮಾತನ್ನು ನೆನಪಿಸಿ, ತಪ್ಪಾಯಿತಪ್ಪಾ ಎಂದೆ. ಅವನು ಬೇರೆ ಮಾತೆತ್ತಿದ. ತಂದೆ ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು.

ಕಳೆದ ಮಳೆಗಾಲದಲ್ಲಿ ಸುವರ್ಣ ಮಹೋತ್ಸವದ ಕೊಠಡಿಗೆ ಮರಳು ತಂದ ಲಾರಿ ಶಾಲೆಯ ಮುಂದೆ ಅಚ್ಚಿನವರೆಗೆ ಹೂತುಹೋಯಿತು. ಟ್ರ್ಯಾಕ್ಟರು ನೇರವಾಗಿ ಎಳೆದರೆ ಅಲುಗಲಿಲ್ಲ. ಹೇಳಿಕಳಿಸಿದ್ದಕ್ಕೆ ಅವನು ಬಂದ. ಹಗ್ಗದ ಒಂದು ತುದಿಯನ್ನು ಹುಣಸೆ ಮರದ ಬುಡಕ್ಕೆ ಬಿಗಿದು, ಲಾರಿಗೆ ಕಟ್ಟಿದ ರಾಟೆಯಲ್ಲಿ ಹಾಯಿಸಿ, ಇನ್ನೊಂದು ತುದಿಯನ್ನು ಟ್ರ್ಯಾಕ್ಟರಿಗೆ ಹೂಡಿ, ಮಕ್ಕಳನ್ನು ಹಗ್ಗ ಹರಿದರೂ ತಾಗದಷ್ಟು ದೂರ ಸರಿಸಿದ. ಲಾರಿ ಮೆಲ್ಲಗೆ ಗಟ್ಟಿನೆಲಕ್ಕೆ ಬಂತು. ಐದನೆಯ ತರಗತಿಯ ಹುಡುಗಿಯೊಬ್ಬಳು, ಲಾರಿ ಇಷ್ಟೇ ಬಂತು, ಟ್ರ್ಯಾಕ್ಟರು ಅಷ್ಟು ದೂರ ಹೋಯಿತೇಕೆ ಎಂದು ಕೇಳಿದಳು. ಅವನು ನನ್ನ ಮುಖ ನೋಡಿದ. ನಾನು ಆ ಮಗುವನ್ನು ಕರೆದುಕೊಂಡು ಹೋಗಿ ಎರಡು ದೂರಗಳನ್ನೂ ಅಳೆಯಿಸಿದೆ. ಲಾರಿಯದು ಎಂಟು ಮೊಳ, ಟ್ರ್ಯಾಕ್ಟರಿನದು ಹದಿನಾರು.