ಅಜ್ಜನೂ ರಾಕ್ ಸಂಗೀತವೂ

ಅಜ್ಜಂಪುರದಿಂದ ರೈಲಿನಲ್ಲಿ ಕಡೂರಿನ ಕಾಲೇಜಿಗೆ ಬರುವವನು ನಾನು. ಕಿವಿಗೆ ತಂತಿ ಸಿಕ್ಕಿಸಿಕೊಂಡು ಕುಳಿತರೆ ಬೀರೂರು ಬಂದದ್ದೇ ತಿಳಿಯದು. ಈ ಚಟ ಹಚ್ಚಿದವನು ತರೀಕೆರೆಯ ಗೆಳೆಯ. ಅವನಿಗೆ ಸ್ವರಾತ್ಮ ತಂಡದ 2009ರ ಆಲ್ಬಮ್ಮೇ ಮೇಲು. ಅದರ 'ಈ ಭೂಮಿ' ನನಗೂ ಪ್ರಿಯವೇ; ಆದರೆ ಕನ್ನಡ ಮುಗಿದೊಡನೆ ನನ್ನ ಮನಸ್ಸು ಕಿಟಕಿಯಾಚೆಗೆ ಹೋಗುತ್ತದೆ. ದೋಷ ನನ್ನದೇ ಇರಬಹುದು. ನನ್ನ ಓಟು ರಘು ದೀಕ್ಷಿತರ 2008ರ ಮೊದಲ ಆಲ್ಬಮ್ಮಿಗೆ. ಅದರಲ್ಲಿಯೂ ಹಿಂದಿಯೇ ಹೆಚ್ಚು, ನಿಜ. ಆದರೆ ಶಿಶುನಾಳ ಶರೀಫರ ತತ್ತ್ವಪದಗಳಿವೆಯಲ್ಲ!

'ಗುಡುಗುಡಿಯ ಸೇದಿ ನೋಡೊ' ಎಂಬುದನ್ನು ಭಜನೆ ಹಾಡುವ ನಮ್ಮಜ್ಜನಿಗೆ ಹುರುಪಿನಿಂದ ಕೇಳಿಸಿದೆ.

"ಗುಡುಗುಡಿ ಸೇದೋಕೂ ಇಷ್ಟು ಅವಸರ ಏನಪ್ಪ?" ಎಂದರು.

"ನಿಮ್ಮ ಭಜನೆ ಈಗ ಯಾರಿಗೆ ಬೇಕಜ್ಜ?" ಎಂದುಬಿಟ್ಟೆ. ಆ ವಾರ ಅಜ್ಜ ಭಜನೆಗೆ ಹೋಗಲಿಲ್ಲ.

ರೈಲಿನಲ್ಲಿ ಅದೇ ಹಾಡನ್ನು ಮತ್ತೆ ಮತ್ತೆ ಕೇಳಿದೆ. ಅಜ್ಜನ ಮಾತು ಅರ್ಧ ನಿಜ. ಗಿಟಾರು ಏರಿದಲ್ಲಿ ಪದ ಮುಳುಗುತ್ತದೆ. ಉಳಿದರ್ಧವನ್ನು ನಾನೊಪ್ಪೆ. ಆ ಅಬ್ಬರವಿಲ್ಲದಿದ್ದರೆ ನಾನು ಶರೀಫರ ಹತ್ತಿರ ಸುಳಿಯುತ್ತಲೇ ಇರಲಿಲ್ಲ.

ಸಂಜೆ ತಾಳ ಹಿಡಿದು ಅಜ್ಜನ ಎದುರು ಕುಳಿತು, "ನೀವೇ ಹೇಳಿಕೊಡಿ" ಎಂದೆ. ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಮೆಲ್ಲನೆ ಎತ್ತಿಕೊಂಡರು. ಎರಡನೆಯ ನುಡಿಗೆ ಬರುವಷ್ಟರಲ್ಲಿ ನನ್ನ ತಾಳ ಮುಂದೆ ಓಡಿತ್ತು.