ಡೇಕೇರ್ ಕೊಳ್ಳೋ ಮೊದಲು ನಾನು ಫೀಸ್ ಕೊಟ್ಟ ಮೂವರು

ಮನೆ ಕೊಳ್ಳುವಾಗ ಲಾಯರಿಗೆ ಕಾಗದ ತೋರಿಸ್ತೀವಿ. ಹಳೇ ಕಾರು ಕೊಳ್ಳುವಾಗ ಪರಿಚಯದ ಮೆಕ್ಯಾನಿಕ್‌ನ ಕರೆದುಕೊಂಡು ಹೋಗ್ತೀವಿ. ಆದರೆ ನಡೆಯುತ್ತಿರೋ ಒಂದು ಸಣ್ಣ ಬಿಸಿನೆಸ್ ಕೊಳ್ಳುವಾಗ ಮಾತ್ರ "ಗೊತ್ತಿರೋರೇ ಅಲ್ವಾ" ಅಂತ ಕೈ ಕುಲುಕಿ ಮುಗಿಸೋದು ನಮ್ಮಲ್ಲಿ ಜಾಸ್ತಿ. ಅದರಲ್ಲೂ ಡೇಕೇರ್ ಅಂದ್ರೆ ಹೆಂಗಸರು ಮನೆಯಲ್ಲೇ ನಡೆಸೋ ವ್ಯವಹಾರ, ಅದಕ್ಕೇನು ಅಷ್ಟೊಂದು ಲೆಕ್ಕಪತ್ರ ಅನ್ನೋ ಭಾವನೆ.

ನನ್ನ ಮಗಳು ಹೋಗ್ತಿದ್ದ ಡೇಕೇರ್ 2023ರ ಫೆಬ್ರವರಿಯಲ್ಲಿ ಮಾರಾಟಕ್ಕೆ ಬಂತು. ಬೆಂಗಳೂರಿನ ಜೆ.ಪಿ. ನಗರದ ಕಡೆ, ಬಾಡಿಗೆ ಮನೆಯ ಕೆಳಗಿನ ಮಹಡಿ, 32 ಮಕ್ಕಳು. ನಡೆಸ್ತಿದ್ದ ಆಂಟಿ ಮಗನ ಊರಿಗೆ ಹೊರಟಿದ್ದರು. ನಾನು ಹನ್ನೊಂದು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಬೇಸತ್ತಿದ್ದೆ. ಆಂಟಿ ಹೇಳಿದ ಬೆಲೆ ಸಾಮಾನು ಸಮೇತ 18 ಲಕ್ಷ. ಮನೆ ಮಾಲೀಕರ ಅಡ್ವಾನ್ಸ್ ಬೇರೆ. ನಮ್ಮ ಹತ್ತಿರ ಇದ್ದದ್ದು ನನ್ನ ಉಳಿತಾಯ, ಮತ್ತೆ ಅಪ್ಪ ರಿಟೈರ್ ಆದಾಗ ನಮ್ಮ ಸೈಟಿಗೆಂದು ಕೊಟ್ಟಿದ್ದ 8 ಲಕ್ಷ. ಅಪ್ಪನ ದುಡ್ಡು ಅಂದ ಮೇಲೆ ನಿದ್ದೆ ಬರಲಿಲ್ಲ.

ಮಧ್ಯದಲ್ಲಿ ಒಬ್ಬ ಬ್ರೋಕರ್ ಇದ್ದರು. ಒಳ್ಳೆ ಮಾತುಗಾರ, ಕೇಳಿದ್ದಕ್ಕೆಲ್ಲ ಉತ್ತರ ಇತ್ತು. ಆದರೆ ವ್ಯವಹಾರ ಕುದುರಿದರೆ ಮಾತ್ರ ಅವರಿಗೆ ಕಮಿಷನ್. "ಬೇಡ, ಬಿಟ್ಟುಬಿಡಿ" ಅಂತ ಹೇಳೋಕೆ ಅವರಿಗೆ ಯಾವ ಕಾರಣವೂ ಇರಲಿಲ್ಲ. ನನಗೆ ಬೇಕಾಗಿದ್ದು ನಾನು ಕೊಂಡರೂ ಬಿಟ್ಟರೂ ಅದೇ ಫೀಸ್ ತಗೊಳ್ಳೋ ಜನ. ಹಾಗೆ ಹುಡುಕಿದಾಗ ಸಿಕ್ಕಿದ್ದು ಮೂವರು: ಒಬ್ಬ ಸಿಎ, ಒಬ್ಬ ಲಾಯರ್ ಮೇಡಂ, ಮತ್ತೆ ಅತ್ತಿಗೆ ಮೂಲಕ ಪರಿಚಯವಾದ ಮೈಸೂರಿನ ಒಬ್ಬ ಮೇಡಂ. ಇವರು 19 ವರ್ಷ ಡೇಕೇರ್ ನಡೆಸಿ, ಅದನ್ನ ಮಾರಿ, ಈಗ ಆರಾಮಾಗಿದ್ದಾರೆ. ಮೂವರಿಗೂ ಸೇರಿ ಕೊಟ್ಟಿದ್ದು 46 ಸಾವಿರ. "ಅಷ್ಟಕ್ಕೆ ದೊಡ್ಡ ಫ್ರಿಜ್ಜೇ ಬರ್ತಿತ್ತು" ಅಂತ ನಮ್ಮ ಯಜಮಾನರು ಒಂದು ವಾರ ಗೊಣಗಿದರು.

ಸಿಎ ಸರ್ ಕೇಳಿದ ಮೊದಲ ಪ್ರಶ್ನೆ, "ಆಂಟಿ ತಮಗೆ ಸಂಬಳ ಎಷ್ಟು ಬರ್ಕೊಂಡಿದ್ದಾರೆ?" ಬರ್ಕೊಂಡೇ ಇರಲಿಲ್ಲ. ಲೆಕ್ಕ ನೋಡಿ. ತಿಂಗಳಿಗೆ ಸರಾಸರಿ 9,000 ಫೀಸ್, 32 ಮಕ್ಕಳು, ಅಂದರೆ 2 ಲಕ್ಷ 88 ಸಾವಿರ. ಬಾಡಿಗೆ 60 ಸಾವಿರ, ಕೆಲಸದವರ ಸಂಬಳ 1 ಲಕ್ಷ 12 ಸಾವಿರ, ಹಾಲು-ತರಕಾರಿ-ಗ್ಯಾಸ್ 36 ಸಾವಿರ, ಮಿಕ್ಕ ಖರ್ಚು 30 ಸಾವಿರ. ಉಳಿಯೋದು 50 ಸಾವಿರ. ವರ್ಷಕ್ಕೆ 6 ಲಕ್ಷ, ಮೂರು ವರ್ಷದ ಲಾಭ 18 ಲಕ್ಷ. ಬೆಲೆ ಬಂದಿದ್ದು ಹೀಗೆ. ಆದರೆ ಆಂಟಿ ಬೆಳಗ್ಗೆ 8ರಿಂದ ರಾತ್ರಿ 7ರವರೆಗೆ ಅಲ್ಲೇ ಇರ್ತಿದ್ದರು. ಆ ಜಾಗಕ್ಕೆ ಒಬ್ಬರನ್ನ ಇಟ್ಟರೆ 28 ಸಾವಿರವಾದರೂ ಕೊಡಬೇಕು. ಅಂಕಲ್ ಸಂತೆ ಮಾಡ್ತಿದ್ದರು, ಲೆಕ್ಕ ಬರೀತಿದ್ದರು, ಅದಕ್ಕೆ 7 ಸಾವಿರ. ಇವೆರಡು ಕಳೆದರೆ ನಿಜವಾದ ಲಾಭ ತಿಂಗಳಿಗೆ 15 ಸಾವಿರ! "ಮೇಡಂ, ನೀವು ಬಿಸಿನೆಸ್ ಕೊಂಡುಕೊಳ್ತಿಲ್ಲ, ನಿಮಗೊಂದು ಕೆಲಸ ಕೊಂಡುಕೊಳ್ತಿದ್ದೀರಿ. ಅದೂ ತಪ್ಪಲ್ಲ. ಆದರೆ ಕೆಲಸಕ್ಕೆ 18 ಲಕ್ಷ ಕೊಡ್ತೀರಾ?" ಅಂದರು.

ಆಮೇಲೆ ಪೇರೆಂಟ್ಸ್ ಕೊಟ್ಟಿರೋ ಡೆಪಾಸಿಟ್. ಪ್ರತಿ ಮಗುವಿಗೆ ಒಂದು ತಿಂಗಳ ಫೀಸ್, ಬಿಡುವಾಗ ವಾಪಸ್. ನಾನೂ ಕೊಟ್ಟಿದ್ದೆ. ಒಟ್ಟು 2 ಲಕ್ಷ 88 ಸಾವಿರ. ಆ ದುಡ್ಡು ಯಾವತ್ತೋ ಖರ್ಚಾಗಿತ್ತು, ವಾಪಸ್ ಕೊಡೋ ಸರದಿ ಮಾತ್ರ ನನ್ನದು. ಅದನ್ನ ಬೆಲೆಯಲ್ಲಿ ಕಳೀಲೇಬೇಕು ಅಂತ ಕೆಂಪು ಪೆನ್ನಲ್ಲಿ ಗೀಚಿದರು.

ಜಿಎಸ್‌ಟಿ ವಿಷಯದಲ್ಲಿ ಅವರು ಹೇಳಿದ್ದು ಬಹಳ ಜನಕ್ಕೆ ಗೊತ್ತಿಲ್ಲ. ಸೇವೆಯ ವ್ಯವಹಾರ ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿಯ ಪ್ರಶ್ನೆ ಬರುತ್ತೆ. ಪ್ರೀ-ಸ್ಕೂಲ್ ಶಿಕ್ಷಣಕ್ಕೆ ವಿನಾಯಿತಿ ಇದೆ, ಆದರೆ ಬರೀ ಮಗು ನೋಡಿಕೊಳ್ಳೋದಕ್ಕೂ ಅದೇ ಅನ್ವಯ ಅಂತ ಕಣ್ಣುಮುಚ್ಚಿ ಅಂದುಕೊಳ್ಳೋ ಹಾಗಿಲ್ಲ. ಅದಕ್ಕಿಂತ ಮುಖ್ಯ, ವ್ಯವಹಾರವನ್ನೇ ಕೊಂಡರೆ ಹಳೇ ಮಾಲೀಕರ ಜಿಎಸ್‌ಟಿ ಬಾಕಿಗೆ ಕೊಂಡವರೂ ಹೊಣೆ. ಕಾಯ್ದೆಯ 85ನೇ ಕಲಂ ಇದನ್ನೇ ಹೇಳುತ್ತೆ. ಹಾಗಾಗಿ ಹಿಂದಿನ ವರ್ಷಗಳ ರಿಟರ್ನ್, ನೋಟಿಸ್ ಏನಾದರೂ ಬಂದಿದ್ಯಾ, ಎಲ್ಲ ನೋಡಿದರು.

ಲಾಯರ್ ಮೇಡಂ ಮೊದಲು ಕೇಳಿದ್ದು ಮನೆಯ ಬಾಡಿಗೆ ಅಗ್ರಿಮೆಂಟ್. 11 ತಿಂಗಳದ್ದು, ಆಂಟಿ ಹೆಸರಲ್ಲಿ. ಒಂದು ವರ್ಷ ಮೀರಿದ ಲೀಸ್ ಆದರೆ ನೋಂದಣಿ ಕಡ್ಡಾಯ, ಆ ತಲೆನೋವು ಬೇಡ ಅಂತಲೇ ಎಲ್ಲರೂ 11 ತಿಂಗಳು ಬರೆಸ್ತಾರೆ. ವಾಸಕ್ಕೆ ಅದು ನಡೆಯುತ್ತೆ. ಆದರೆ ಲಕ್ಷಗಟ್ಟಲೆ ಕೊಟ್ಟು ಕೊಂಡ ಡೇಕೇರನ್ನ ಹನ್ನೊಂದನೇ ತಿಂಗಳು ಖಾಲಿ ಮಾಡಿ ಅಂದರೆ? ನಾನು ಕೊಂಡಿದ್ದು ಏನು ಹಾಗಾದರೆ, ಮೂರು ಜೋಕಾಲಿ ಮತ್ತು ಪ್ಲಾಸ್ಟಿಕ್ ಕುರ್ಚಿಗಳನ್ನ? ಮನೆ ಮಾಲೀಕರನ್ನ ಒಪ್ಪಿಸಿ ಐದು ವರ್ಷದ ಲೀಸ್ ನನ್ನ ಹೆಸರಲ್ಲಿ ನೋಂದಣಿ ಆಗೋವರೆಗೆ ಆಂಟಿಗೆ ಒಂದು ರೂಪಾಯಿ ಟೋಕನ್ ಕೊಡಬೇಡಿ ಅಂದರು. ಹಾಗೇ ಮಾಡಿದೆ. ಆಂಟಿಯ ಲೈಸೆನ್ಸ್, ಪ್ಯಾನ್ ಎಲ್ಲ ಅವರ ಹೆಸರಿಗೆ ಸೇರಿದ್ದು, ನನಗೆ ದಾಟಿ ಬರೋದಿಲ್ಲ. ಎಲ್ಲಾ ಹೊಸದಾಗಿ ಮಾಡಿಸ್ಕೊಂಡೆ.

ಇನ್ನೊಂದು ಷರತ್ತು ಸ್ವಲ್ಪ ಮನಸ್ತಾಪಕ್ಕೆ ಕಾರಣವಾಯ್ತು. ಮೂರು ವರ್ಷ, ಮೂರು ಕಿಲೋಮೀಟರ್ ಒಳಗೆ ಆಂಟಿ ಇನ್ನೊಂದು ಡೇಕೇರ್ ತೆರೆಯೋ ಹಾಗಿಲ್ಲ. ಸಾಮಾನ್ಯವಾಗಿ ಯಾರನ್ನೂ ವ್ಯಾಪಾರ ಮಾಡಬೇಡ ಅಂತ ಕರಾರಿನಲ್ಲಿ ಕಟ್ಟಿಹಾಕಿದರೆ ಅದು ನಿಲ್ಲೋದಿಲ್ಲ. ಆದರೆ 1872ರ ಕರಾರು ಕಾಯ್ದೆಯ 27ನೇ ಕಲಮಿನಲ್ಲೇ ಒಂದು ಅಪವಾದ ಇದೆ: ವ್ಯಾಪಾರದ ಗುಡ್‌ವಿಲ್ ಮಾರಿದವರ ಮೇಲೆ, ಇಷ್ಟು ಜಾಗದ ಒಳಗೆ ಅಂತ ನ್ಯಾಯವಾದ ಮಿತಿ ಹಾಕಬಹುದು. ಆಂಟಿ "ನನ್ನ ಮೇಲೆ ನಂಬಿಕೆ ಇಲ್ವೇನಮ್ಮ?" ಅಂತ ಕಣ್ಣಲ್ಲಿ ನೀರು ತುಂಬಿಕೊಂಡರು. ನನಗೆ ಮಾತೇ ಹೊರಡಲಿಲ್ಲ. ಲಾಯರ್ ಮೇಡಂ, "ನಂಬಿಕೆ ಇರೋದ್ರಿಂದಲೇ ಈಗ ಬರೀತಿದ್ದೀವಿ ಅಮ್ಮ, ಜಗಳ ಆದ್ಮೇಲೆ ಯಾರು ಸೈನ್ ಹಾಕ್ತಾರೆ" ಅಂದರು. ಎರಡು ದಿನ ಬಿಟ್ಟು ಸೈನ್ ಬಿತ್ತು.

ಇಷ್ಟೆಲ್ಲ ಆದರೂ, ನನ್ನ ದುಡ್ಡು ನಿಜಕ್ಕೂ ಉಳಿದಿದ್ದು ಮೈಸೂರಿನ ಮೇಡಂನಿಂದ. ಬಸ್ಸಲ್ಲಿ ಬಂದರು, ಒಂದು ಇಡೀ ದಿನ ಡೇಕೇರ್‌ನ ಮೂಲೆಯಲ್ಲಿ ಕೂತರು. ಕಂಪ್ಯೂಟರ್, ಫೈಲು ಏನೂ ಕೇಳಲಿಲ್ಲ. ಮಕ್ಕಳ ಹುಟ್ಟಿದ ದಿನಾಂಕದ ಪಟ್ಟಿ ಮಾತ್ರ ಕೇಳಿದರು. ಬೆರಳಲ್ಲಿ ಎಣಿಸಿ, "ಜೂನ್‌ಗೆ ಇದರಲ್ಲಿ 14 ಮಕ್ಕಳು ಸ್ಕೂಲಿಗೆ ಹೋಗ್ಬಿಡ್ತವೆ. ನೀವು 32 ಮಕ್ಕಳಿಗೆ ಅಲ್ಲ, 18ಕ್ಕೆ ಬೆಲೆ ಕಟ್ಟಿ" ಅಂದರು. ಡೇಕೇರ್ ಮಾರೋರು ಫೆಬ್ರವರಿ-ಮಾರ್ಚ್‌ನಲ್ಲೇ ಯಾಕೆ ಮಾರ್ತಾರೆ ಅಂತ ಆಗ ಅರ್ಥವಾಯ್ತು. ಆಂಟಿ ಹಾಗೆ ಯೋಚಿಸಿದ್ದರು ಅಂತ ನಾನು ಹೇಳೋಲ್ಲ, ಅವರಿಗೆ ಹೊರಡೋ ಅವಸರವಿತ್ತು ಅಷ್ಟೆ.

ಸಂಜೆವರೆಗೆ ಅವರು ಗಮನಿಸ್ತಾ ಇದ್ದದ್ದು ಇನ್ನೊಂದನ್ನ. ಮಗು ಅತ್ತಾಗ ಯಾರ ಕಡೆ ಓಡುತ್ತೆ? ಆಂಟಿ ಕಡೆ ಅಲ್ಲ, ಟೀಚರ್ ಕಡೆ ಅಲ್ಲ. ಹತ್ತರಲ್ಲಿ ಎಂಟು ಮಕ್ಕಳು ಓಡಿದ್ದು ಅಡುಗೆಮನೆ ಬಾಗಿಲ ಹತ್ತಿರ ಕೂತ ಆಯಾ ಕಡೆ. ಮಕ್ಕಳ ಬಾಯಲ್ಲಿ ಅವರು "ಅಜ್ಜಮ್ಮ", ನನ್ನ ಮಗಳೂ ಹಾಗೇ ಕರೀತಿದ್ದಳು. "ಇವರು ಉಳೀತಾರಾ ಕೇಳಿದ್ರಾ?" ಅಂದರು ಮೇಡಂ. ಕೇಳೋದು ಹೇಗೆ, ಮಾರಾಟದ ವಿಷಯವೇ ಅವರಿಗೆ ಹೇಳಿರಲಿಲ್ಲ. ಆಂಟಿಯನ್ನ ಒಪ್ಪಿಸಿ ಮಾತಾಡಿಸಿದಾಗ ಗೊತ್ತಾಯ್ತು, ಮಗಳ ಬಾಣಂತನಕ್ಕೆ ಜುಲೈನಲ್ಲಿ ಊರಿಗೆ ಹೋಗಿ, ಆಮೇಲೆ ವಾಪಸ್ ಬರದೇ ಇರೋ ಯೋಚನೆ ಅವರದ್ದು. ಸಂಬಳ 13,500. ಅದನ್ನ 17,000 ಮಾಡ್ತೀನಿ, ಬಾಣಂತನಕ್ಕೆ ಎರಡು ತಿಂಗಳು ರಜೆ, ಅದರಲ್ಲಿ ಒಂದು ತಿಂಗಳ ಸಂಬಳ ಕೊಡ್ತೀನಿ ಅಂತ ಅವರ ಎದುರೇ ಬರೆದು ಕೊಟ್ಟೆ. ಓದೋಕೆ ಬರಲ್ಲ, ಮಗನ ಹತ್ತಿರ ಓದಿಸ್ತೀನಿ ಅಂತ ಸೆರಗಲ್ಲಿ ಗಂಟು ಹಾಕ್ಕೊಂಡು ಹೋದರು. ಮರುದಿನ ಬಂದು "ಆಯ್ತು ಕಣಮ್ಮ" ಅಂದರು.

ಕೊನೆಗೆ ಬೆಲೆ 9 ಲಕ್ಷಕ್ಕೆ ಇಳೀತು. ಏಪ್ರಿಲ್‌ನಲ್ಲಿ 6, ಸೆಪ್ಟೆಂಬರ್‌ನಲ್ಲಿ 3. ಸೆಪ್ಟೆಂಬರ್ ಹೊತ್ತಿಗೆ 30 ಮಕ್ಕಳಿಗಿಂತ ಕಡಿಮೆ ಇದ್ದರೆ, ಕಡಿಮೆಯಾದ ಒಂದೊಂದು ಮಗುವಿಗೂ 25 ಸಾವಿರ ಕಡಿತ. ಬ್ರೋಕರ್ ಮುಖ ಸಣ್ಣದಾಯ್ತು.

ಜೂನ್‌ನಲ್ಲಿ 14 ಮಕ್ಕಳು ಹೋದರು, ನಿಧಾನವಾಗಿ ಹೊಸಬರು ಬಂದರು. ಅದರಲ್ಲಿ ನಾಲ್ಕು ಮಕ್ಕಳು ಹತ್ತಿರದ ಒಂದೇ ಆಫೀಸಿನವರದ್ದು. ಆಗ ಜಾರಿಯಲ್ಲಿದ್ದ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಪ್ರಕಾರ 50 ಅಥವಾ ಹೆಚ್ಚು ಜನ ಕೆಲಸ ಮಾಡೋ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕಿತ್ತು. ಆಫೀಸಲ್ಲಿ ಜಾಗ ಇಲ್ಲದ ಸಣ್ಣ ಕಂಪನಿಗಳು ಹತ್ತಿರದ ಡೇಕೇರ್ ಹುಡುಕ್ತಾ ಇರ್ತವೆ, ಹೋಗಿ ಕೇಳಿ ಅಂತ ಸಿಎ ಸರ್ ಹೇಳಿದ್ದರು. ಅದೇ ತಿದ್ದುಪಡಿಯಲ್ಲಿ ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನ ನೋಡಿ ಹೋಗಬಹುದು ಅಂತಲೂ ಇತ್ತು. ಆಂಟಿ ಕಾಲದಲ್ಲಿ ಮಧ್ಯಾಹ್ನ ಗೇಟಿಗೆ ಬೀಗ ಇರ್ತಿತ್ತು, ಈಗ ಇಲ್ಲ.

ಸೆಪ್ಟೆಂಬರ್‌ನಲ್ಲಿ ಆಂಟಿ ಬಂದರು. ಹಾಜರಿ ಪುಸ್ತಕ ತೆರೆದು ಇಬ್ಬರೂ ಒಟ್ಟಿಗೆ ಎಣಿಸಿದೆವು, 28. ಎರಡೂವರೆ ಲಕ್ಷದ ಚೆಕ್ ಕೊಟ್ಟೆ. ಅದನ್ನ ಬ್ಯಾಗಿಗೆ ಹಾಕಿಕೊಂಡು ಸೀದಾ ಅಡುಗೆಮನೆಗೆ ಹೋಗಿ, ಊರಿಂದ ವಾಪಸ್ ಬಂದಿದ್ದ ಅಜ್ಜಮ್ಮನ ಪಕ್ಕ ಕೂತು, ಸಾಂಬಾರಿಗೆ ಉಪ್ಪು ಸಾಲದು ಅಂದರು.