ಎಂಟು ಮಂದಿಯ ಎದೆಗಾರಿಕೆ

ಧೈರ್ಯದ ಮಾತು ಬಂದಾಗಲೆಲ್ಲ ನನಗೆ ‘ಹನ್ಲಿ’ ಜಲಾಂತರ್ಗಾಮಿ ನೆನಪಾಗುತ್ತದೆ. ಅಮೆರಿಕದ ಅಂತರ್ಯುದ್ಧ ಕಾಲದ್ದು. ಎಂಜಿನ್ ಇಲ್ಲ, ಒಳಗೆ ಸಾಲಾಗಿ ಕುಳಿತವರು ಕೈಯಿಂದ ಹಿಡಿಕೆ ತಿರುಗಿಸಿದರಷ್ಟೇ ಮುಂದೆ ಸಾಗುತ್ತಿತ್ತು. ಮೊದಲೇ ಎರಡು ಸಲ ಮುಳುಗಿ, ಹೆಸರಿಗೆ ಕಾರಣನಾದ ಹನ್ಲಿಯೂ ಸೇರಿ 13 ಜನ ಸತ್ತಿದ್ದರು.

ಅದು ಗೊತ್ತಿದ್ದೂ ಲೆಫ್ಟಿನೆಂಟ್ ಡಿಕ್ಸನ್ ಮತ್ತು ಏಳು ಮಂದಿ ಒಳಗಿಳಿದರು. 1864ರ ಫೆಬ್ರುವರಿ 17ರ ರಾತ್ರಿ ಚಾರ್ಲ್‌ಸ್ಟನ್ ಬಳಿ ‘ಹೌಸಟಾನಿಕ್’ ಯುದ್ಧನೌಕೆಯನ್ನು ಮುಳುಗಿಸಿದರು. ಜಲಾಂತರ್ಗಾಮಿಯೊಂದು ಶತ್ರುನೌಕೆಯನ್ನು ಮುಳುಗಿಸಿದ್ದು ಅದೇ ಮೊದಲು. ಆದರೆ ಅವರೂ ಮರಳಲಿಲ್ಲ. 2000ದಲ್ಲಿ ಹನ್ಲಿಯನ್ನು ಮೇಲೆತ್ತಿದರು. ಒಳಗೆ ಎಂಟೂ ಮಂದಿಯ ಅಸ್ಥಿಗಳಿದ್ದವು.

ಅವರು ಹೋರಾಡಿದ್ದು ಗುಲಾಮಗಿರಿ ಉಳಿಸಹೊರಟ ಪಕ್ಷಕ್ಕಾಗಿ. ಅವರ ಎದೆಗಾರಿಕೆಗೆ ಬೆರಗಾಗುತ್ತೇನೆ. ಆ ಪಕ್ಷಕ್ಕೆ ತಲೆಬಾಗಲಾರೆ. ಮಕ್ಕಳಿಗೆ ಈ ಕಥೆ ಹೇಳುವಾಗ ಎರಡನ್ನೂ ಹೇಳುತ್ತೇನೆ.